ಹೊಸಬರು ಸಭೆಗೆ ಬಂದಾಗ: ದೇವರು ಕರೆದವರಿಗೆ ಜಾಗ ಮಾಡಿಕೊಡುವುದು ಹೇಗೆ?

ಯಾರೋ ಒಬ್ಬರು ಮೊದಲ ಸಲ ನಿಮ್ಮ ಸಭೆಯ ಬಾಗಿಲು ದಾಟಿ ಒಳಗೆ ಬಂದಿದ್ದಾರೆ ಎಂದುಕೊಳ್ಳಿ. ಅವರು ಬರುವುದಕ್ಕೆ ಕಾರಣ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಗೆಳೆಯರು ಕರೆದಿರಬಹುದು, ಮನೆಯಲ್ಲಿ ಸಾವಾಗಿರಬಹುದು, ಸುಮ್ನೆ ಕುತೂಹಲವೂ ಇರಬಹುದು. ಆದರೆ ತಂದೆ ಎಳೆಯದೆ ಯಾರೂ ನನ್ನ ಬಳಿಗೆ ಬರಲಾರರು ಎಂದು ಯೇಸು ಹೇಳಿದ ಮಾತು ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ಅದನ್ನು ನಂಬುವುದಾದರೆ, ನಾವು ಬಾಯಿ ತೆರೆಯುವ ಮೊದಲೇ ದೇವರು ಅವರೊಂದಿಗೆ ಮಾತು ಶುರು ಮಾಡಿದ್ದಾನೆ. ನಾವು ತಡವಾಗಿ ಬಂದು ಆ ಮಾತಿಗೆ ಸೇರಿಕೊಳ್ಳುವವರು.

ಈ ಮಾರ್ಗದರ್ಶಿ ಪೂರ್ತಿ ನಿಂತಿರುವುದು ಈ ಒಂದು ಮಾತಿನ ಮೇಲೆ. ಕರೆಯುವ ಕೆಲಸ ದೇವರದು, ಜಾಗ ಮಾಡಿಕೊಡುವ ಕೆಲಸ ನಮ್ಮದು. ಇದು ಗೊಂದಲವಾದ ಕಡೆ ಸ್ವಾಗತ ಕೆಡುತ್ತದೆ. ಕೆಲವು ಸಭೆಗಳು ಹೊಸಬರ ಬೆನ್ನು ಹತ್ತುತ್ತವೆ. ಇನ್ನು ಕೆಲವು ಅವರನ್ನು ಗಮನಿಸುವುದೇ ಇಲ್ಲ.

ಹಂತ 1: ಸ್ವಾಗತಿಸುವವರು ಮೊದಲು ತಮ್ಮ ಕರೆಯನ್ನು ನೆನೆಯಲಿ

ಬಾಗಿಲಲ್ಲಿ ನಿಲ್ಲುವವರಿಗೆ ತರಬೇತಿ ಕೊಡುವ ಮೊದಲು ಅವರನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ: 'ನೀವು ಇಲ್ಲಿಗೆ ಹೊಸಬರಾಗಿ ಬಂದಾಗ ಯಾರು ಏನು ಮಾಡಿದ್ದರಿಂದ ಉಳಿದುಕೊಂಡಿರಿ?' ಉತ್ತರಗಳು ಬಹಳ ಸಣ್ಣವಾಗಿರುತ್ತವೆ. ಯಾರೋ ಹಾಡಿನ ಪುಸ್ತಕದ ಪುಟ ತೋರಿಸಿದ್ದರು. ಯಾರೋ ಮುಂದಿನ ವಾರ ಹೆಸರು ಮರೆತಿರಲಿಲ್ಲ. ನಿಮ್ಮ ಸಭೆಯ ಪಾಠಪುಸ್ತಕ ಇದೇ.

ಸತ್ಯವೇದವೂ ಇದೇ ದಾರಿ ಹಿಡಿಯುತ್ತದೆ. ಪರದೇಶಿಯನ್ನು ನಿನ್ನಂತೆಯೇ ಪ್ರೀತಿಸು, ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ ಎನ್ನುತ್ತದೆ ಯಾಜಕಕಾಂಡದ 19ನೇ ಅಧ್ಯಾಯ. ಕ್ರಿಸ್ತನು ನಿಮ್ಮನ್ನು ಸೇರಿಸಿಕೊಂಡ ಹಾಗೆ ನೀವೂ ಒಬ್ಬರನ್ನೊಬ್ಬರು ಸೇರಿಸಿಕೊಳ್ಳಿರಿ ಎಂದು ಪೌಲನು ರೋಮಾಪುರದವರಿಗೆ ಬರೆದ. ಎರಡೂ ಕಡೆ ಆಜ್ಞೆಯ ಪಕ್ಕದಲ್ಲೇ ನೆನಪು ಇದೆ. ತಾನೂ ಒಮ್ಮೆ ಹೊರಗಿದ್ದೆ ಎಂಬುದನ್ನು ಮರೆತವರಿಗೆ ಎಷ್ಟು ತರಬೇತಿ ಕೊಟ್ಟರೂ ಅವರ ನಗು ಮುಖದಿಂದ ಕೆಳಗೆ ಇಳಿಯುವುದಿಲ್ಲ.

ಹಂತ 2: ಬಾಗಿಲಿನಿಂದ ನೋಡಿ

ಒಂದು ದಿನ ಆರಾಧನೆ ಇಲ್ಲದ ಹೊತ್ತಿನಲ್ಲಿ ರಸ್ತೆಯಿಂದ ಒಳಗೆ ನಡೆದು ಬನ್ನಿ. ಯಾವ ಬಾಗಿಲಿಂದ ಬರಬೇಕು ಅಂತ ಗೊತ್ತಾಗುತ್ತದಾ? ಚಪ್ಪಲಿ ಬಿಡಬೇಕಾ, ಬೇಡವಾ? ಶೌಚಾಲಯ ಎಲ್ಲಿದೆ? ಗಾಲಿಕುರ್ಚಿಯಲ್ಲಿ ಬರುವವರು ಒಳಗೆ ಬರಬಲ್ಲರಾ? ಮಗು ಅತ್ತರೆ ತಾಯಿ ಎಲ್ಲಿಗೆ ಹೋಗಬೇಕು? ನಿಮಗೆ ಉತ್ತರ ಗೊತ್ತಿರುವುದರಿಂದ ಈ ಪ್ರಶ್ನೆಗಳು ನಿಮಗೆ ಕಾಣುವುದೇ ಇಲ್ಲ. ಹಾಗಾಗಿ ಸಭೆಗೆ ಸೇರದ ಒಬ್ಬರನ್ನು ಕರೆದುಕೊಂಡು ಹೋಗಿ ಕೇಳುವುದು ಒಳ್ಳೆಯದು.

ಆಮೇಲೆ ಆರಾಧನೆಯ ಮಾತುಗಳನ್ನು ಗಮನಿಸಿ. 'ಎಂದಿನಂತೆ ಎಲ್ಲರೂ ಎದ್ದು ನಿಲ್ಲೋಣ' ಎಂದರೆ ಹೊಸಬರಿಗೆ ಎಂದಿನಂತೆ ಎಂಬುದೇ ಇಲ್ಲ. 'ಈಗ ಎದ್ದು ನಿಂತು ಹಾಡುತ್ತೇವೆ, ಕೂತಿರಬೇಕು ಅನ್ನಿಸಿದರೆ ಕೂತಿರಿ' ಅಂದರೆ ಸಾಕು. ಪ್ರಕಟಣೆಗಳಲ್ಲಿ ಹೆಸರು ಮಾತ್ರ ಹೇಳಿ 'ಅವರ ಹತ್ತಿರ ಮಾತಾಡಿ' ಅನ್ನಬೇಡಿ, ಅವರನ್ನು ಎದ್ದು ಕೈ ಎತ್ತಲು ಹೇಳಿ. ಕರ್ತನ ಭೋಜನದ ದಿನ ಯಾರು ತೆಗೆದುಕೊಳ್ಳಬಹುದು, ತೆಗೆದುಕೊಳ್ಳದವರು ಏನು ಮಾಡಬಹುದು ಎಂಬುದನ್ನು ಒಂದೆರಡು ವಾಕ್ಯದಲ್ಲಿ ತಿಳಿಸಿ. ಅಲ್ಲಿ ಆಗುವ ಮುಜುಗರ ಬೇರೆಲ್ಲೂ ಆಗುವುದಿಲ್ಲ. ಕಾಣಿಕೆಯ ಹೊತ್ತಿನಲ್ಲೂ ಅಷ್ಟೇ. ಮೊದಲ ಸಲ ಬಂದವರಿಂದ ನಾವು ಏನನ್ನೂ ನಿರೀಕ್ಷಿಸುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ.

ಕುರ್ಚಿಗಳ ವಿಷಯ ಚಿಕ್ಕದು ಅನ್ನಿಸಬಹುದು. ಚಿಕ್ಕದಲ್ಲ. ಚಿನ್ನದ ಉಂಗುರ ಹಾಕಿಕೊಂಡವನಿಗೆ ಒಳ್ಳೆಯ ಜಾಗ, ಕೊಳಕು ಬಟ್ಟೆಯ ಬಡವನಿಗೆ 'ಅಲ್ಲಿ ನಿಂತುಕೋ' ಎಂಬ ಮಾತು, ಹೀಗೆ ಸಭೆ ಎಡವುವುದನ್ನು ಯಾಕೋಬನು ತನ್ನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ನೇರವಾಗಿ ಖಂಡಿಸುತ್ತಾನೆ. 3ನೇ ಶತಮಾನದಲ್ಲಿ ಸಿರಿಯಾದ ಕಡೆ ಬರೆದ ಡಿಡಸ್ಕಾಲಿಯಾ ಎಂಬ ಸಭಾಕ್ರಮದ ಪುಸ್ತಕ ಇನ್ನೂ ಮುಂದೆ ಹೋಗುತ್ತದೆ. ಸಿರಿವಂತರು ಒಳಗೆ ಬಂದರೆ ಬಿಷಪ್ ಪ್ರಸಂಗ ನಿಲ್ಲಿಸಿ ಏಳಬಾರದು. ಬಡವರು, ಅದರಲ್ಲೂ ವಯಸ್ಸಾದವರು ಬಂದು ಜಾಗವಿಲ್ಲದೆ ನಿಂತರೆ ಬಿಷಪ್ ಮನಃಪೂರ್ವಕವಾಗಿ ಜಾಗ ಮಾಡಿಕೊಡಬೇಕು, ಅದಕ್ಕಾಗಿ ತಾನು ನೆಲದ ಮೇಲೆ ಕೂರಬೇಕಾಗಿ ಬಂದರೂ ಸರಿ. ಇವತ್ತಿಗೂ ಇದಕ್ಕಿಂತ ಒಳ್ಳೆಯ ನಿಯಮ ನನಗೆ ಗೊತ್ತಿಲ್ಲ. ಕನಿಷ್ಠ ಇಷ್ಟು ಮಾಡಿ: ಬಾಗಿಲ ಹತ್ತಿರದ ಕೊನೆಯ ಸಾಲುಗಳನ್ನು ಹೊಸಬರಿಗೆ ಬಿಟ್ಟು ಹಳಬರು ಮುಂದೆ, ಒಳಗೆ ಸರಿದು ಕೂರಲಿ.

ಹಂತ 3: ಮೊದಲ ದಿನ

ಬಾಗಿಲಲ್ಲಿ ಇಬ್ಬರು ಸಾಕು. ಒಬ್ಬರು ನಿಂತಿರಲಿ, ಇನ್ನೊಬ್ಬರು ಬಂದವರ ಜೊತೆ ಒಳಗೆ ನಡೆಯಲಿ. ಸಾಲುಗಟ್ಟಿ ನಿಂತು ಕೈಕುಲುಕುವ ದೊಡ್ಡ ತಂಡ ನೋಡಿದರೆ ಅಂಜುವವರು ವಾಪಸ್ ಹೋಗುತ್ತಾರೆ.

ಏನು ಮಾತಾಡಬೇಕು? ನಿಮ್ಮ ಹೆಸರು ಹೇಳಿ, ಅವರ ಹೆಸರು ಕೇಳಿ, ಕೂರಲು ಜಾಗ ತೋರಿಸಿ, ಆರಾಧನೆ ಎಷ್ಟು ಹೊತ್ತು ಇರುತ್ತದೆ ಎಂದು ತಿಳಿಸಿ. 'ನೀವು ಹೊಸಬರಾ?' ಎಂದು ಕೇಳಬೇಡಿ. ವರ್ಷಗಟ್ಟಲೆ ಬರುತ್ತಿರುವವರನ್ನೇ ಕೇಳಿಬಿಡುವ ಅಪಾಯ ಇದೆ. 'ನಾವಿಬ್ಬರೂ ಮಾತಾಡಿಲ್ಲ ಅನ್ನಿಸುತ್ತೆ, ನನ್ನ ಹೆಸರು ಇಂಥದ್ದು' ಎಂದರೆ ಯಾರಿಗೂ ನೋವಾಗುವುದಿಲ್ಲ.

ಕೇಳಬಾರದ ಪ್ರಶ್ನೆಗಳೂ ಇವೆ. ಮದುವೆ ಆಗಿದೆಯಾ, ಮಕ್ಕಳಿದ್ದಾರಾ, ಯಾವ ಕೆಲಸ, ಯಾವ ಮನೆತನ, ಯಾವ ಸಭೆಯಿಂದ ಬಂದಿರಿ, ರಕ್ಷಣೆ ಹೊಂದಿದ್ದೀರಾ? ಇವುಗಳಲ್ಲಿ ಒಂದೊಂದರ ಹಿಂದೆಯೂ ಯಾರದೋ ಗಾಯ ಇರಬಹುದು. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಆರಾಧನೆಯ ನಡುವೆ ಹೊಸಬರನ್ನು ಎದ್ದು ನಿಲ್ಲಿಸಿ ಪರಿಚಯ ಹೇಳಿಸುವ ಪದ್ಧತಿ ಬಿಟ್ಟುಬಿಡಿ. ಪ್ರೀತಿಯಿಂದಲೇ ಮಾಡುತ್ತೀರಿ, ಸರಿ. ಆದರೆ ಸದ್ದಿಲ್ಲದೆ ಬಂದು ಹಿಂದೆ ಕೂತು ಅಳಬೇಕು ಅಂತಲೇ ಬಂದವರು ಇರುತ್ತಾರೆ. ನಿಕೊದೇಮನು ಯೇಸುವಿನ ಬಳಿಗೆ ರಾತ್ರಿ ಬಂದ. ಯೇಸು ಅವನನ್ನು ಹಗಲಲ್ಲಿ ಬಾ ಎಂದು ಕಳಿಸಲಿಲ್ಲ.

ಹಂತ 4: ಆರಾಧನೆ ಮುಗಿದ ಮೇಲಿನ ಐದು ನಿಮಿಷ

ಕೊನೆಯ ಆಮೆನ್ ಆದ ತಕ್ಷಣ ಹಳಬರು ಗುಂಪು ಕಟ್ಟುತ್ತಾರೆ. ಹೊಸಬರು ಫೋನ್ ನೋಡುತ್ತಾ ಒಬ್ಬರೇ ನಿಲ್ಲುತ್ತಾರೆ, ಆಮೇಲೆ ಹೊರಟುಹೋಗುತ್ತಾರೆ. ಬಾಗಿಲಲ್ಲಿ ಎಷ್ಟು ಚೆನ್ನಾಗಿ ಮಾತಾಡಿಸಿದ್ದರೂ ಅವರು ಮನೆಗೆ ಒಯ್ಯುವುದು ಈ ಒಂಟಿತನವನ್ನು.

ಸಭೆಯ ಎಲ್ಲರೂ ಒಂದು ನಿಯಮ ಹಾಕಿಕೊಳ್ಳಿ. ಮುಗಿದ ಮೇಲಿನ ಮೊದಲ ಐದು ನಿಮಿಷ ಗೆಳೆಯರ ಜೊತೆ ಇಲ್ಲ, ಸಭೆಯ ಲೆಕ್ಕಪತ್ರದ ಮಾತೂ ಇಲ್ಲ. ಪರಿಚಯ ಇಲ್ಲದ ಒಬ್ಬರ ಹತ್ತಿರ ಹೋಗಬೇಕು. ಮಾತಾಡುತ್ತಾ ಅವರನ್ನು ಇನ್ನೊಬ್ಬರಿಗೆ ಪರಿಚಯಿಸಿ, ಅವರಿಬ್ಬರಿಗೂ ಹೊಂದುವ ಏನನ್ನಾದರೂ ಹೇಳಿ ಬಿಡಿ. ಪಾಸ್ಟರ್ ಒಬ್ಬರೇ ಎಲ್ಲರನ್ನೂ ಮಾತಾಡಿಸುವ ಸಭೆಯಲ್ಲಿ ಹೊಸಬರಿಗೆ ಪಾಸ್ಟರ್ ಪರಿಚಯವಾಗುತ್ತದೆ, ಸಭೆ ಪರಿಚಯವಾಗುವುದಿಲ್ಲ.

ಹಂತ 5: ಆ ವಾರದೊಳಗೆ ಒಂದು ಮಾತು

ನಂಬರ್ ಕೊಟ್ಟಿದ್ದರೆ ಎರಡು ಮೂರು ದಿನದೊಳಗೆ ಒಂದು ಸಂದೇಶ ಕಳಿಸಿ. 'ಭಾನುವಾರ ನೀವು ಬಂದದ್ದು ಸಂತೋಷ. ಪ್ರಾರ್ಥನೆಗೆ ಏನಾದರೂ ವಿಷಯ ಇದ್ದರೆ ತಿಳಿಸಿ' ಎಂದಿಷ್ಟೇ. ಉತ್ತರ ಬರದಿದ್ದರೆ ಮತ್ತೆ ಕಳಿಸಬೇಡಿ. ಕೇಳದೆ ಸಭೆಯ ಗ್ರೂಪಿಗೆ ಸೇರಿಸಬೇಡಿ, ಕೇಳದೆ ಮನೆಗೆ ಹೋಗಬೇಡಿ. ಅವರು ಸಭೆಗೆ ಬರುವುದು ಮನೆಯವರಿಗೆ ಗೊತ್ತಿಲ್ಲದಿರಬಹುದು. ಹೆಸರು, ನಂಬರ್ ಬರೆದ ಚೀಟಿ ಯಾರ ಕೈಯಲ್ಲಿ ಇರುತ್ತದೆ ಎಂಬುದನ್ನೂ ಮೊದಲೇ ತೀರ್ಮಾನಿಸಿ.

ಹಂತ 6: ಅವರ ಕರೆಯ ಕಥೆ ಕೇಳಿ

ಕೆಲವು ವಾರ ಬಂದ ಮೇಲೆ ಒಂದು ದಿನ ಅವರು ತಮ್ಮ ಕಥೆ ಹೇಳಲು ಶುರು ಮಾಡುತ್ತಾರೆ. ಬಹಳ ಜನ ತಡವರಿಸುತ್ತಲೇ ಹೇಳುವುದು. 'ಯಾರೋ ಕರೆದ ಹಾಗೆ ಅನ್ನಿಸಿತು', 'ಯಾಕೆ ಬಂದೆ ಅಂತ ನನಗೇ ಗೊತ್ತಿಲ್ಲ', 'ಆಸ್ಪತ್ರೆಯಲ್ಲಿದ್ದಾಗ ಒಂದು ಪ್ರಾರ್ಥನೆ ಮಾಡಿದ್ದೆ'. ಇಲ್ಲಿ ನಾವು ಏನು ಮಾಡುತ್ತೇವೆ ಎಂಬುದೇ ಎಲ್ಲಕ್ಕಿಂತ ಮುಖ್ಯ.

ಒಂದನೇ ಸಮುವೇಲನ ಪುಸ್ತಕದ 3ನೇ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಹುಡುಗ ಸಮುವೇಲನಿಗೆ ರಾತ್ರಿ ಯಾರೋ ಕರೆದದ್ದು ಕೇಳುತ್ತದೆ. ಮುದಿ ಯಾಜಕನಾದ ಏಲಿಯೇ ಕರೆದ ಅಂದುಕೊಂಡು ಅವನ ಬಳಿಗೆ ಓಡುತ್ತಾನೆ. ಹೀಗೆ ಮೂರು ಸಲ. ಮೂರನೆಯ ಸಲ ಏಲಿಗೆ ಹೊಳೆಯುತ್ತದೆ, ಕರೆಯುತ್ತಿರುವವನು ಕರ್ತನೇ ಎಂದು. ಆಗ ಆ ಮುದುಕ ಮಾಡಿದ್ದೇನು? 'ಹೋಗಿ ಮಲಗಿಕೋ, ಮತ್ತೆ ಕರೆದರೆ, ಕರ್ತನೇ ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಾನೆ ಅನ್ನು' ಎಂದು ಹೇಳಿಕೊಟ್ಟ. ಅಷ್ಟೇ. ಸಮುವೇಲನ ಜೊತೆ ಹೋಗಿ ಪಕ್ಕದಲ್ಲಿ ಕೂರಲಿಲ್ಲ. ದೇವರು ಏನು ಹೇಳುತ್ತಾನೆ ಎಂದು ತಾನೇ ಊಹಿಸಿ ಹೇಳಲಿಲ್ಲ. ಬೆಳಿಗ್ಗೆ ಆದ ಮೇಲೆ, ರಾತ್ರಿ ಬಂದ ಸಂದೇಶ ತನ್ನ ಮನೆತನಕ್ಕೇ ವಿರುದ್ಧವಾಗಿದ್ದರೂ ಮುಚ್ಚಿಡದೆ ಹೇಳು ಎಂದ.

ಕರೆಯನ್ನು ಗುರುತಿಸಲು ನೆರವಾಗುವುದು ಅಂದರೆ ಇದೇ. ಅವರ ಕಥೆಯನ್ನು ಪೂರ್ತಿ ಕೇಳಿ. ನಡುವೆ ನಿಮ್ಮ ಸಾಕ್ಷಿ ತರಬೇಡಿ. 'ಇದು ಖಂಡಿತ ದೇವರೇ' ಎಂದು ಮುದ್ರೆ ಒತ್ತಲೂ ಬೇಡಿ, 'ಅದು ನಿಮ್ಮ ಭಾವನೆ ಅಷ್ಟೇ' ಎಂದು ತಳ್ಳಿಹಾಕಲೂ ಬೇಡಿ. ಬದಲಿಗೆ ಕೆಲವು ಪ್ರಶ್ನೆಗಳನ್ನು ಜೊತೆಯಲ್ಲಿ ಕೂತು ಯೋಚಿಸಿ. ಆ ಅನಿಸಿಕೆ ಒಂದು ದಿನ ಬಂದು ಹೋಯಿತಾ, ಮತ್ತೆ ಮತ್ತೆ ಬರುತ್ತಿದೆಯಾ? ಅದು ಯೇಸು ಕಲಿಸಿದ್ದಕ್ಕೆ ಒಪ್ಪುತ್ತದಾ? ಅದರಿಂದ ಮನೆಯವರ ಮೇಲೆ, ಶತ್ರುಗಳ ಮೇಲೆ ಪ್ರೀತಿ ಹೆಚ್ಚುತ್ತಿದೆಯಾ, ಕಡಿಮೆ ಆಗುತ್ತಿದೆಯಾ? ನಿಮ್ಮನ್ನು ಚೆನ್ನಾಗಿ ಬಲ್ಲವರು ಇದರ ಬಗ್ಗೆ ಏನನ್ನುತ್ತಾರೆ? ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಪೌಲನು ಥೆಸಲೋನಿಕದವರಿಗೆ ಬರೆದದ್ದು ಹೊಸಬರಿಗೂ ಸೇರಿಸಿಯೇ.

ಕರೆ ಬಂದವರು ಹಿಂದೆ ಮುಂದೆ ನೋಡಿದರೆ ಗಾಬರಿ ಬೇಡ. ಮೋಶೆ ನನಗೆ ಮಾತು ಬರುವುದಿಲ್ಲ ಎಂದ. ಯೆರೆಮೀಯನು ನಾನು ಇನ್ನೂ ಚಿಕ್ಕವನು ಎಂದ. ಗಿದ್ಯೋನನು ಗುರುತು ಕೇಳಿದ, ಅದು ಸಿಕ್ಕ ಮೇಲೂ ಮತ್ತೆ ಕೇಳಿದ. ದೇವರು ಈ ಮೂವರನ್ನೂ ಬಿಡಲಿಲ್ಲ. ಸಂಶಯ ಪಡುವ ಹೊಸಬರಿಗೆ ಈ ಮೂರು ಹೆಸರುಗಳನ್ನು ಹೇಳಿ. ವಾದ ಮಾಡುವುದಕ್ಕಿಂತ ಜಾಸ್ತಿ ಧೈರ್ಯ ಸಿಗುತ್ತದೆ.

ಅವರ ಕಥೆ ಅವರದು ಎಂಬುದನ್ನೂ ನೆನಪಿಡಿ. ಪ್ರಾರ್ಥನಾ ಕೂಟದಲ್ಲಿ ನೀವು ಅದನ್ನು ಹಂಚಿಕೊಳ್ಳುವಂತಿಲ್ಲ. ವೇದಿಕೆಯ ಮೇಲೆ ಸಾಕ್ಷಿ ಹೇಳಿ ಎಂದು ಬೇಗ ಒತ್ತಾಯ ಮಾಡುವುದೂ ಬೇಡ.

ಹಂತ 7: ಪಕ್ಕದಲ್ಲಿ ನಿಲ್ಲುವ ಒಬ್ಬರು

ಕ್ರೈಸ್ತರನ್ನು ಹಿಡಿಸಿ ಸೆರೆಗೆ ಹಾಕಿಸುತ್ತಿದ್ದ ಸೌಲನು (ಇವನೇ ಪೌಲ) ದಮಸ್ಕದ ದಾರಿಯಲ್ಲಿ ಕರೆ ಕೇಳಿದ ಮೇಲೆ ಏನಾಯಿತು ಎಂಬುದನ್ನು ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ಹೇಳುತ್ತದೆ. ದಮಸ್ಕದಲ್ಲಿದ್ದ ಶಿಷ್ಯ ಅನನೀಯನಿಗೆ ಅವನ ಬಳಿಗೆ ಹೋಗಲು ಭಯ ಇತ್ತು, ಅದನ್ನು ದೇವರಿಗೇ ಹೇಳಿದ. ಆದರೂ ಹೋಗಿ ಕುರುಡನಾಗಿ ಕೂತಿದ್ದವನ ಮೇಲೆ ಕೈಯಿಟ್ಟು 'ಸಹೋದರನಾದ ಸೌಲನೇ' ಎಂದ. ಆಮೇಲೆ ಸೌಲನು ಯೆರೂಸಲೇಮಿಗೆ ಬಂದಾಗ ಅಲ್ಲಿನವರು ನಂಬಲಿಲ್ಲ, ಹತ್ತಿರ ಸೇರಿಸಲಿಲ್ಲ. ಬಾರ್ನಬನು ಅವನ ಕೈ ಹಿಡಿದು ಅಪೊಸ್ತಲರ ಬಳಿಗೆ ಕರೆದುಕೊಂಡು ಹೋಗಿ ಅವನ ಪರವಾಗಿ ಮಾತಾಡಿದ. ನನಗೆ ಇನ್ನೂ ದೊಡ್ಡದು ಅನ್ನಿಸುವುದು 11ನೇ ಅಧ್ಯಾಯದ ಮಾತು. ಸೌಲನು ತನ್ನ ಊರಾದ ತಾರ್ಸಕ್ಕೆ ಹೋಗಿದ್ದ. ಬಾರ್ನಬನೇ ಅಲ್ಲಿಗೆ ಹುಡುಕಿಕೊಂಡು ಹೋಗಿ ಅವನನ್ನು ಅಂತಿಯೋಕ್ಯಕ್ಕೆ ಕರೆತಂದ. ಇಬ್ಬರೂ ಒಂದು ವರ್ಷ ಪೂರ್ತಿ ಆ ಸಭೆಯೊಂದಿಗೆ ಇದ್ದು ಕಲಿಸಿದರು.

ಹೀಗೆ ಪ್ರತಿ ಹೊಸಬರಿಗೂ ಒಬ್ಬ ಜೊತೆಗಾರರನ್ನು ಗೊತ್ತು ಮಾಡಿ. ಹೆಣ್ಣುಮಕ್ಕಳಿಗೆ ಹೆಂಗಸರು, ಗಂಡಸರಿಗೆ ಗಂಡಸರು ಇದ್ದರೆ ಇಬ್ಬರಿಗೂ ನಿರಾಳ. ದೊಡ್ಡ ಜ್ಞಾನಿ ಬೇಕಿಲ್ಲ, ಮಾತಿಗಿಂತ ಕಿವಿ ಜಾಸ್ತಿ ಇರುವವರು ಬೇಕು. ಅವರ ಕೆಲಸ ಇಷ್ಟು: ಆರಾಧನೆಯಲ್ಲಿ ಪಕ್ಕ ಕೂರುವುದು, ವಾರದಲ್ಲಿ ಒಮ್ಮೆ ಮಾತಾಡುವುದು, ಅರ್ಥವಾಗದ್ದನ್ನು ಬಿಡಿಸಿ ಹೇಳುವುದು, ಬೇರೆಯವರಿಗೆ ಪರಿಚಯಿಸುವುದು, ಎರಡು ವಾರ ಕಾಣದಿದ್ದರೆ ಕ್ಷೇಮ ವಿಚಾರಿಸುವುದು. ವಿಚಾರಿಸುವಾಗ 'ಯಾಕೆ ಬರಲಿಲ್ಲ?' ಬೇಡ, 'ಹೇಗಿದ್ದೀರಿ?' ಸಾಕು. ಒಬ್ಬ ಜೊತೆಗಾರರಿಗೆ ಒಮ್ಮೆಗೆ ಒಬ್ಬರೋ ಇಬ್ಬರೋ ಹೊಸಬರು, ಅದಕ್ಕಿಂತ ಹೆಚ್ಚು ಬೇಡ.

ಹಂತ 8: ಕಲಿಕೆ ಮತ್ತು ದೀಕ್ಷಾಸ್ನಾನ

ಫಿಲಿಪ್ಪನು ಐಥಿಯೋಪ್ಯದ ಅಧಿಕಾರಿಗೆ ದಾರಿಯಲ್ಲೇ, ಅದೇ ದಿನ ದೀಕ್ಷಾಸ್ನಾನ ಕೊಟ್ಟ. ಕೆಲವು ಶತಮಾನಗಳಲ್ಲೇ ಸಭೆಗಳು ಬೇರೆ ದಾರಿ ಹಿಡಿದವು. ಅಪೊಸ್ತಲಿಕ ಸಂಪ್ರದಾಯ ಎಂದು ಕರೆಯುವ ಹಳೆಯ ಸಭಾಕ್ರಮ ಮೂರು ವರ್ಷ ಕಲಿಯಲಿ ಎನ್ನುತ್ತದೆ, ಆದರೆ ಕಾಲಕ್ಕಿಂತ ನಡತೆಯನ್ನೇ ನೋಡಿ ಎಂದೂ ಸೇರಿಸುತ್ತದೆ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಕ್ಕೆ ಬರೆದ ನಿಯಮದಲ್ಲಿ ಎರಡೂ ಇವೆ. 53ನೇ ಅಧ್ಯಾಯದಲ್ಲಿ, ಬರುವ ಅತಿಥಿಗಳನ್ನೆಲ್ಲ ಕ್ರಿಸ್ತನನ್ನೇ ಬರಮಾಡಿಕೊಂಡ ಹಾಗೆ ಬರಮಾಡಿಕೊಳ್ಳಿ, ಬಡವರನ್ನೂ ಯಾತ್ರಿಕರನ್ನೂ ವಿಶೇಷವಾಗಿ ನೋಡಿಕೊಳ್ಳಿ ಎನ್ನುತ್ತಾರೆ. 58ನೇ ಅಧ್ಯಾಯದಲ್ಲಿ, ಮಠ ಸೇರಲು ಬಂದವರನ್ನು ಸುಲಭವಾಗಿ ಸೇರಿಸಿಕೊಳ್ಳಬೇಡಿ, ನಿಯಮವನ್ನು ಮತ್ತೆ ಮತ್ತೆ ಓದಿಸಿ, ಯೋಚಿಸಲು ಸಮಯ ಕೊಡಿ ಎನ್ನುತ್ತಾರೆ. ಅತಿಥಿಗೆ ಬಾಗಿಲು ತಕ್ಷಣ ತೆರೆಯಬೇಕು. ಜೀವನಪೂರ್ತಿಯ ಮಾತು ಕೊಡುವವರಿಗೆ ಸಮಯ ಬೇಕು. ಕ್ಯಾಥೊಲಿಕ್ ಸಭೆಯೂ ದೊಡ್ಡವರನ್ನು ಹಂತ ಹಂತವಾಗಿ ಸೇರಿಸಿಕೊಳ್ಳುವ ಹಳೆಯ ಕ್ರಮವನ್ನು 1972ರಲ್ಲಿ ಮತ್ತೆ ತಂದಿತು.

ನಿಮ್ಮ ಸಭೆಯ ಪದ್ಧತಿ ಯಾವುದಾದರೂ ಇರಲಿ, ಒಂದನ್ನು ಕಾಪಾಡಿ. ದೀಕ್ಷಾಸ್ನಾನದ ಸಂಖ್ಯೆ ಹೆಚ್ಚಿಸಲು ಯಾರನ್ನೂ ತಳ್ಳಬೇಡಿ. ಹಣ, ಕೆಲಸ, ಮದುವೆ, ವಾಸಿಯಾಗುವ ಭರವಸೆ, ಇವುಗಳ ಆಸೆ ತೋರಿಸಿ ಕರೆದರೆ ಅದು ದೇವರ ಕರೆಯ ಜಾಗದಲ್ಲಿ ನಮ್ಮದನ್ನು ಇಟ್ಟ ಹಾಗೆ. ಮನೆಯವರಿಂದ ದೂರ ಮಾಡುವ ಮಾತಂತೂ ಬೇಡವೇ ಬೇಡ. ಇಲ್ಲ ಎನ್ನುವ ಹಕ್ಕು ಕೊನೆಯ ದಿನದವರೆಗೂ ಅವರಿಗೆ ಇರಲಿ.

ಪಾಠ ಕಲಿಸುವಾಗ ತಪ್ಪು ತಿಳಿದವರನ್ನು ಎಲ್ಲರೆದುರು ತಿದ್ದಬೇಡಿ. ಯೇಸುವಿನ ಬಗ್ಗೆ ಬೋಧಿಸುತ್ತಿದ್ದ ಅಪೊಲ್ಲೋಸನಿಗೆ ಸ್ನಾನಿಕನಾದ ಯೋಹಾನನ ದೀಕ್ಷಾಸ್ನಾನ ಮಾತ್ರ ಗೊತ್ತಿತ್ತು. ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನನ್ನು ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿದರು.

ಹಂತ 9: ಕೆಲಸ ಕೊಡಿ, ಆದರೆ ಬಾಯಾರಿ ಕಾದಿದ್ದವರ ಹಾಗೆ ಅಲ್ಲ

ಗಿಟಾರ್ ನುಡಿಸುತ್ತಾರೆ ಎಂದು ಗೊತ್ತಾದ ಮುಂದಿನ ವಾರವೇ ಹಾಡಿನ ತಂಡಕ್ಕೆ ಸೇರಿಸಿದರೆ ಅವರು ಆರಾಧಿಸುವುದು ಯಾವಾಗ? ಮೊದಲು ಸಣ್ಣ ಕೆಲಸಗಳಲ್ಲಿ ಜೊತೆ ಸೇರಿಸಿ. ಕುರ್ಚಿ ಜೋಡಿಸುವುದು, ಪುಸ್ತಕ ಹಂಚುವುದು. ಮಕ್ಕಳ ಜೊತೆಗಿನ ಸೇವೆ ಮಾತ್ರ ಯಾರಿಗೂ ಬೇಗ ಬೇಡ.

ಹಳಬರಿಗೆ ಕಸಿವಿಸಿ ಆದಾಗ

ಹೊಸಬರು ಉಳಿದುಕೊಂಡರೆ ಸಭೆ ಬದಲಾಗುತ್ತದೆ. ಹಾಡು ಬದಲಾಗುತ್ತದೆ, ಕೂರುವ ಜಾಗ ಬದಲಾಗುತ್ತದೆ, ಮುಂದಾಳುಗಳ ಹೆಸರು ಬದಲಾಗುತ್ತದೆ. ಆಗ ಹಳಬರಿಗೆ ನೋವಾಗುವುದು ಸಹಜ. ಅದನ್ನು ಗದರಿಸಿ ಬಾಯಿ ಮುಚ್ಚಿಸಬೇಡಿ. ಅವರೂ ಏನನ್ನೋ ಕಳೆದುಕೊಳ್ಳುತ್ತಿದ್ದಾರೆ ಅಲ್ವಾ? ಕೂತು ಕೇಳಿ. ಆದರೆ ಬಾಗಿಲ ಬೀಗ ಅವರ ಕೈಗೆ ಕೊಡಬೇಡಿ. ಯೋಹಾನನ ಮೂರನೆಯ ಪತ್ರಿಕೆಯಲ್ಲಿ ದಿಯೊತ್ರೇಫ ಎಂಬವನು ಬರುತ್ತಾನೆ. ಮೊದಲ ಸ್ಥಾನ ಬಯಸುವವನು. ಬಂದ ಸಹೋದರರನ್ನು ತಾನೂ ಸೇರಿಸಿಕೊಳ್ಳುತ್ತಿರಲಿಲ್ಲ, ಸೇರಿಸಿಕೊಳ್ಳುವವರಿಗೂ ಅಡ್ಡಿ ಮಾಡುತ್ತಿದ್ದ. ಯೋಹಾನನು ಸಿಹಿ ಮಾತಲ್ಲಿ ತೇಲಿಸಲಿಲ್ಲ, ಹೆಸರು ಹಿಡಿದೇ ಬರೆದ.

ಹೊಸಬರು ನಮ್ಮ ಹಾಗೇ ಆಗಬೇಕಾ ಎಂಬ ಪ್ರಶ್ನೆಯನ್ನು ಅಪೊಸ್ತಲರು ಸೇರಿದ ಯೆರೂಸಲೇಮಿನ ಕೂಟವೇ ಎದುರಿಸಿತ್ತು. ದೇವರ ಕಡೆಗೆ ತಿರುಗುವ ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ತೊಂದರೆ ಕೊಡಬಾರದು ಎಂಬುದು ಅಲ್ಲಿ ಯಾಕೋಬನ ತೀರ್ಮಾನ. ನಿಮ್ಮ ಸಭೆಯ ಹಿರಿಯರು ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯವನ್ನು ಒಟ್ಟಿಗೆ ಓದಿ, ನಮ್ಮಲ್ಲಿ ಸುವಾರ್ತೆ ಯಾವುದು, ಬರೀ ಅಭ್ಯಾಸ ಯಾವುದು ಎಂದು ಪಟ್ಟಿ ಮಾಡಲಿ.

ಎಚ್ಚರ ಬೇಕಾದ ಕಡೆ

ಸ್ವಾಗತ ಅಂದರೆ ಕಣ್ಣು ಮುಚ್ಚಿ ನಂಬುವುದಲ್ಲ. ಡಿಡಖೆ ಎಂಬ ಬಹಳ ಹಳೆಯ ಪುಟ್ಟ ಪುಸ್ತಕದಲ್ಲಿ, ಕರ್ತನ ಹೆಸರಲ್ಲಿ ಬರುವ ಎಲ್ಲರನ್ನೂ ಸೇರಿಸಿಕೊಳ್ಳಿ, ಆಮೇಲೆ ಪರೀಕ್ಷಿಸಿ ತಿಳಿದುಕೊಳ್ಳಿ ಎಂದಿದೆ. ದಾರಿಹೋಕರು ಎರಡು ಮೂರು ದಿನ ಇರಲಿ, ನೆಲೆಸಬೇಕು ಅನ್ನುವವರು ಕೆಲಸ ಮಾಡಿ ಉಣ್ಣಲಿ ಎನ್ನುತ್ತದೆ. ಹಣ ಕೇಳುವವರು ಬಂದರೆ ಒಬ್ಬೊಬ್ಬರೇ ಕೊಡುವ ಬದಲು ಸಭೆಯ ಮೂಲಕ, ಇಬ್ಬರು ಸೇರಿ ತೀರ್ಮಾನಿಸಿ ಕೊಡಿ. ಮಕ್ಕಳ ಬಳಿ ಯಾವ ದೊಡ್ಡವರೂ, ಹೊಸಬರಿರಲಿ ಹಳಬರಿರಲಿ, ಒಂಟಿಯಾಗಿ ಇರಬಾರದು. ಮಗುವಿಗೆ ಕೆಡುಕಾಗಿದೆ ಎಂಬ ಸುಳಿವು ಸಿಕ್ಕರೆ ಅದನ್ನು ಸಭೆಯೊಳಗೇ ಮುಗಿಸದೆ ಕಾನೂನಿನ ದಾರಿಗೆ ಒಯ್ಯಿರಿ.

ಬೇರೆ ಸಭೆಯಲ್ಲಿ ನೊಂದು ಬಂದವರಿಗೆ ಇನ್ನೂ ಮೆಲ್ಲಗೆ. ಅವರಿಗೆ ನಿಮ್ಮ ಉತ್ಸಾಹವೇ ಭಯ ಹುಟ್ಟಿಸಬಹುದು. ಆ ಸಭೆಯನ್ನು ಬೈಯಬೇಡಿ, ಬೇಗ ಕ್ಷಮಿಸಿಬಿಡಿ ಎಂದೂ ಹೇಳಬೇಡಿ. ತಿಂಗಳುಗಟ್ಟಲೆ ಹಿಂದಿನ ಸಾಲಿನಲ್ಲೇ ಕೂತರೆ ಕೂರಲಿ.

ಅವರು ನಿಮ್ಮಲ್ಲಿ ಉಳಿಯದಿದ್ದರೆ

ಎಲ್ಲರೂ ಉಳಿಯುವುದಿಲ್ಲ. ಕೆಲಸ ಬೇರೆ ಕಡೆ ಸಿಗುತ್ತದೆ, ಬೇರೆ ಸಭೆ ಹತ್ತಿರ ಅನ್ನಿಸುತ್ತದೆ. ದೇವರು ಕರೆದವರನ್ನು ನಮ್ಮ ಸಭೆಗೇ ಕರೆದ ಎಂದು ಹೇಳಲು ನಾವು ಯಾರು? ಬೇಸರ ತೋರಿಸಿ ಅವರಿಗೆ ತಪ್ಪು ಮಾಡಿದ ಭಾವನೆ ಬರಿಸಬೇಡಿ. ಪ್ರಾರ್ಥಿಸಿ ಕಳಿಸಿ.

ಆದಿ ಸಭೆಗಳಿಗೆ ಇದರಲ್ಲೂ ಒಂದು ಒಳ್ಳೆಯ ಅಭ್ಯಾಸ ಇತ್ತು. ಅಪೊಲ್ಲೋಸನು ಅಖಾಯಕ್ಕೆ ಹೊರಟಾಗ ಎಫೆಸದ ಸಹೋದರರು ಅವನನ್ನು ಸೇರಿಸಿಕೊಳ್ಳಿ ಎಂದು ಅಲ್ಲಿನ ಶಿಷ್ಯರಿಗೆ ಕಾಗದ ಬರೆದರು. ರೋಮಾಪುರಕ್ಕೆ ಹೊರಟ ಸಹೋದರಿ ಫೊಯಿಬೆಗಾಗಿ ಪೌಲನು ಅಲ್ಲಿನವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಹಾಗೇ ಬರೆದ. ನೀವೂ ಬರೆಯಿರಿ. ಅವರ ಒಪ್ಪಿಗೆ ಪಡೆದು, ಹೋಗುವ ಊರಿನ ಸಭೆಗೆ ಒಂದು ಪುಟ ಸಾಕು. ಅವರ ಹೆಸರು, ನಿಮ್ಮಲ್ಲಿ ಎಷ್ಟು ಕಾಲ ಇದ್ದರು, ಏನು ಮಾಡಲು ಇಷ್ಟ, ಯಾವುದಕ್ಕೆ ಪ್ರಾರ್ಥನೆ ಬೇಕು, ಮೊದಲ ಭಾನುವಾರ ಯಾವುದು. ಅವರಿಗೆ ತೋರಿಸಿ, ಓದಿಸಿ, ಆಮೇಲೆ ಕಳಿಸಿ. ಆ ಭಾನುವಾರ ಅಲ್ಲಿ ಬಾಗಿಲ ಬಳಿ ಅವರನ್ನು ಕಾಯುವ ಒಬ್ಬರ ಹೆಸರನ್ನು ಮೊದಲೇ ಕೇಳಿ ತಿಳಿದುಕೊಂಡು ಅವರಿಗೆ ಹೇಳಿ ಕಳಿಸಿ.